ಎರಡನೇ ಹುಕ್ಕು

ಮನುಷ್ಯರಲ್ಲಿ ಮೂರೇ ಬಗೆ ಎಂದು ಮೇಸ್ತ್ರಿ ತೀರ್ಮಾನ ಮಾಡಿಕೊಂಡು ಬಹಳ ಕಾಲವಾಗಿತ್ತು. ಹೆದರಿಕೆಯಾದರೆ ಬಾಯಿಬಿಟ್ಟು ಹೇಳುವವರು, ಹೆದರಿಕೆಯಾದರೂ ಹೇಳದೆ ನುಂಗಿಕೊಳ್ಳುವವರು, ಹೆದರಿಕೆ ಎಂದರೇನೆಂದೇ ಗೊತ್ತಿಲ್ಲದವರು. ಎತ್ತರದ ಕಟ್ಟಡಗಳ ಹೊರಮೈ ಗಾಜನ್ನು ಹಗ್ಗಕ್ಕೆ ಜೋತುಬಿದ್ದು ಒರೆಸುವುದು ಅವನ ತಂಡದ ಕಸುಬು. ಈ ಕಸುಬಿಗೆ ಮೊದಲನೆಯವರು ಚಿನ್ನ, ಎರಡನೆಯವರು ಪರವಾಗಿಲ್ಲ, ಮೂರನೆಯವರನ್ನು ಮೆಟ್ಟಿಲ ಹತ್ತಿರವೂ ಬಿಟ್ಟುಕೊಳ್ಳಬಾರದು. ಕೆಲಸ ಕೇಳಿಕೊಂಡು ಬಂದವರನ್ನು ಅವನು ಏನೂ ವಿಚಾರಿಸುತ್ತಿರಲಿಲ್ಲ. ಟೀ ಕುಡಿಸುವ ನೆಪದಲ್ಲಿ ರಸ್ತೆಯಾಚೆ ಕರೆದೊಯ್ಯುತ್ತಿದ್ದ. ರಸ್ತೆ ದಾಟುವ ರೀತಿಯಲ್ಲೇ ಆಸಾಮಿಯ ಜಾತಕ ತಿಳಿದುಹೋಗುತ್ತದೆ ಎಂದು ಅವನ ನಂಬಿಕೆ. ನಂಬಿಕೆ ಸರಿಯೋ ತಪ್ಪೋ, ಅವನ ತಂಡದಲ್ಲಿ ಇದುವರೆಗೆ ಯಾರೂ ಬಿದ್ದಿರಲಿಲ್ಲ. ಹಾಗಾಗಿ ಎದುರುಮಾತಾಡುವವರೂ ಇರಲಿಲ್ಲ.

ಇಂಥವನ ಬಳಿಗೆ ಅಕ್ಕ ತನ್ನ ಮಗಳನ್ನು ಕರೆತಂದಳು. ಮನೆಯವರೆಲ್ಲ ಆ ಹುಡುಗಿಯನ್ನು ಕರೆಯುತ್ತಿದ್ದುದೇ ಚಿನಕುರುಳಿ ಎಂದು. ಚಿಕ್ಕವಳಿದ್ದಾಗ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಸೈಕಲ್ ಬಿಟ್ಟು ತುಟಿ ಹರಿದುಕೊಂಡಿದ್ದಳು. ಹೊಲಿಗೆ ಬಿಚ್ಚುವ ಮೊದಲೇ ಅದೇ ಇಳಿಜಾರಿನಲ್ಲಿ ಇನ್ನೊಮ್ಮೆ ಬಿಟ್ಟಿದ್ದಳು. ದೊಡ್ಡವಳಾದ ಮೇಲೆ ಸಿಕ್ಕ ಕೆಲಸವನ್ನೆಲ್ಲ ಬೇಜಾರು ಎಂದು ಬಿಡುತ್ತ ಬಂದಳು. ಬಟ್ಟೆ ಅಂಗಡಿ ಬೇಜಾರು, ಆಸ್ಪತ್ರೆಯಲ್ಲಿ ಫೋನ್ ಎತ್ತುವುದು ಇನ್ನೂ ಬೇಜಾರು.

“ನಿನ್ನ ಹತ್ರಾನೇ ಇರ್ಲಿ ಕಣೋ” ಎಂದಳು ಅಕ್ಕ. “ಹೇಗೂ ಎಲ್ಲಾದ್ರೂ ಹೋಗಿ ಕೈಕಾಲು ಮುರ್ಕೊಳ್ಳೋಳೇ. ನಿನ್ನ ಹತ್ರ ಇದ್ರೆ ಹಗ್ಗನಾದ್ರೂ ಕಟ್ಟಿರ್ತೀಯ.”

ಚಿನಕುರುಳಿ ಟೀ ಅಂಗಡಿಗೆ ಹೋಗುವಾಗ ಮಾವನ ಮುಖ ನೋಡಿಕೊಂಡು, ಮಾತಾಡುತ್ತಲೇ ರಸ್ತೆ ದಾಟಿದಳು. ಬಸ್ಸೊಂದು ಅವಳ ಬೆನ್ನ ಹಿಂದೆ ಕಿರ್ರೆಂದು ನಿಂತಿತು. ಡ್ರೈವರ್ ಬೈದದ್ದು ಮೇಸ್ತ್ರಿಗೆ ಕೇಳಿಸಿತು, ಅವಳಿಗೆ ಕೇಳಿಸಲಿಲ್ಲ. ಮೂರನೇ ಬಗೆ, ಅಪ್ಪಟ, ಎಂದುಕೊಂಡ. ಆದರೆ ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕನಿಗೆ ಇಲ್ಲವೆನ್ನಲು ನಾಲಿಗೆ ಏಳಲಿಲ್ಲ. ಈಗ ಹಿಡಿದಿರುವ ಕಟ್ಟಡ ಮುಗಿಯುವವರೆಗೆ ನೋಡೋಣ, ಆಮೇಲೆ ಹೇಳುತ್ತೇನೆ ಎಂದ. ಏನು ಹೇಳುವುದೆಂದು ಆಗಲೇ ನಿಶ್ಚಯವಾಗಿತ್ತು.

“ಮಾವ, ಇದೊಂದು ಕೆಲ್ಸ ನಂಗೆ ನಿಜವಾಗ್ಲೂ ಬೇಕು” ಎಂದಳು ಅವಳು. ಅವಳ ಬಾಯಲ್ಲಿ ಅಂಥ ಮಾತು ಅದೇ ಮೊದಲು.

ತಂಡದ ನಿಯಮ ಸುಲಭ. ಮೈಭಾರ ಹೊರಲು ಒಂದು ಹಗ್ಗ, ಅದು ಕೈಕೊಟ್ಟರೆ ಹಿಡಿಯಲು ಇನ್ನೊಂದು. ಸೊಂಟದ ಪಟ್ಟಿಯಿಂದ ಎರಡಕ್ಕೂ ಒಂದೊಂದು ಹುಕ್ಕು. ತಾರಸಿಯ ಮೋಟುಗೋಡೆ ದಾಟುವ ಮೊದಲು ಎರಡೂ ಹುಕ್ಕನ್ನು ಕೈಯಿಂದ ಮುಟ್ಟಿ ‘ಒಂದು, ಎರಡು’ ಎಂದು ಗಟ್ಟಿಯಾಗಿ ಹೇಳಬೇಕು. ಎರಡನೆಯದನ್ನು ಹಾಕದೆ ದಾಟಿದವರು ಯಾರೇ ಆಗಲಿ, ಅಂದಿಗೆ ಅವರ ಹಗ್ಗದ ಋಣ ತೀರಿತು. ಮತ್ತೆಂದೂ ಹತ್ತುವಂತಿಲ್ಲ.

ಈ ನಿಯಮಕ್ಕೆ ಸಿಕ್ಕಿದವನು ಒಬ್ಬನೇ, ಅದೂ ಮೇಸ್ತ್ರಿಯ ಒಡಹುಟ್ಟಿದ ತಮ್ಮ. ಅಂದಿನಿಂದ ಅವನದು ನೆಲದ ಕೆಲಸ. ಬಕೆಟ್ ತುಂಬುತ್ತಾನೆ, ಕಟ್ಟಡದ ಬುಡದಲ್ಲಿ ನಡೆಯುವವರನ್ನು ಆಚೆ ಕಳಿಸುತ್ತಾನೆ, ಹೆಚ್ಚು ಮಾತಿಲ್ಲ. “ಸ್ವಂತ ತಮ್ಮನನ್ನೇ ಬಿಡ್ಲಿಲ್ಲ ನೋಡ್ರಪ್ಪ. ಕಣ್ಣಾರೆ ಕಂಡೆ, ಕೆಳಗಿಳಿಸ್ದೆ” ಎಂದು ಮೇಸ್ತ್ರಿ ಹೊಸಬರಿಗೆಲ್ಲ ಹೇಳುತ್ತಿದ್ದ. ತಮ್ಮ ಪಕ್ಕದಲ್ಲೇ ಇದ್ದರೂ ಹೇಳುತ್ತಿದ್ದ.

ಚಿನಕುರುಳಿಯ ಕೆಲಸದಲ್ಲಿ ಕೊಂಕು ತೆಗೆಯಲು ಏನೂ ಸಿಗಲಿಲ್ಲ. ಗಾಜಿನ ಮೂಲೆಯಲ್ಲಿ ಸೋಪಿನ ಗೆರೆ ಉಳಿಸುತ್ತಿರಲಿಲ್ಲ. ಹುಕ್ಕು ಮುಟ್ಟಿ ಎಣಿಸುವುದನ್ನು ಒಮ್ಮೆಯೂ ಮರೆಯಲಿಲ್ಲ. ಇದರಿಂದ ಮೇಸ್ತ್ರಿಗೆ ಸಮಾಧಾನವಾಗುವ ಬದಲು ಕಿರಿಕಿರಿಯಾಯಿತು. ಇವತ್ತಲ್ಲ ನಾಳೆ ತಪ್ಪುತ್ತಾಳೆ ಎಂದು ಮೈಯೆಲ್ಲ ಕಣ್ಣಾಗಿ ಕಾದ. ಬೇರೆಯವರ ತಪ್ಪಿಗೆ ಹೀಗೆ ಕಾಯುವವನಿಗೆ ತನ್ನ ಕೈ ಏನು ಮಾಡುತ್ತಿದೆ ಎಂಬುದರ ಮೇಲೆ ನಿಗಾ ಇರುವುದಿಲ್ಲ. ಇಷ್ಟು ಸಣ್ಣ ವಿಷಯ ಆ ಮಹಾನುಭಾವನಿಗೆ ಹೊಳೆಯಲಿಲ್ಲ.

ಕಟ್ಟಡದ ಕೊನೆಯ ಮಗ್ಗುಲು ಉಳಿದಿದ್ದ ದಿನ ಇಬ್ಬರೂ ಅಕ್ಕಪಕ್ಕದ ಹಗ್ಗಗಳಲ್ಲಿ ಇಳಿಯಬೇಕಿತ್ತು. ಮೇಲೆ ಹಗ್ಗದ ಗಂಟು ಕಾಯುತ್ತಿದ್ದ, ತಂಡದವರು ಗೊಣಗಪ್ಪ ಎಂದೇ ಕರೆಯುವ ಆಳು ಅತ್ತ ತಿರುಗಿ ಫೋನಿನಲ್ಲಿ ಯಾರಿಗೋ ತನ್ನ ಮಂಡಿನೋವು ವರ್ಣಿಸುತ್ತಿದ್ದ. ಚಿನಕುರುಳಿ ಮೊದಲ ಹುಕ್ಕು ಮುಟ್ಟಿ “ಒಂದು” ಎಂದಳು. ಮೇಸ್ತ್ರಿ ಅವಳ ಕೈಯನ್ನೇ ನೋಡುತ್ತ ತಾನೂ “ಒಂದು” ಎಂದ. ಅವಳು ಎರಡನೆಯದನ್ನು ಮುಟ್ಟಿ “ಎರಡು” ಎಂದಳು. ಅವನೂ “ಎರಡು” ಎಂದ. ಎಣಿಕೆ ಸರಿಯಾಗಿತ್ತು. ಎಣಿಸಿದ್ದು ಮಾತ್ರ ಅವಳ ಹುಕ್ಕನ್ನು. ಇಬ್ಬರೂ ಗೋಡೆ ದಾಟಿದರು.

ಎರಡು ಮಹಡಿ ಇಳಿದ ಮೇಲೆ ಅವಳು ಮೆಲ್ಲಗೆ, “ಮಾವ, ಅಲ್ಲಾಡ್ಬೇಡಿ. ಎರಡನೇದು” ಎಂದಳು.

ಅವನು ಸೊಂಟ ನೋಡಿಕೊಂಡ. ಹುಕ್ಕು ಬರಿದಾಗಿ ನೇತಾಡುತ್ತಿತ್ತು. ಕಾವಲಿನ ಎರಡನೇ ಹಗ್ಗ ಒಂದು ಮಾರು ಆಚೆಗೆ, ತನಗೂ ಇವನಿಗೂ ಸಂಬಂಧವೇ ಇಲ್ಲವೆಂಬಂತೆ ಇಳಿಬಿದ್ದಿತ್ತು. ಹಗ್ಗ ಎಳೆದುಕೊಂಡು ಹುಕ್ಕು ಹಾಕಲು ಹೋದ, ಬೆರಳು ಹಿಡಿತಕ್ಕೆ ಬರಲಿಲ್ಲ. ಅವಳೇ ಗಾಜಿಗೆ ಪಾದ ಒತ್ತಿ ಪಕ್ಕಕ್ಕೆ ತೂಗಿಕೊಂಡು ಬಂದು ಹುಕ್ಕು ಹಾಕಿದಳು. ಗಾಜಿನ ಒಳಗೆ ಯಾರೋ ಕಂಪ್ಯೂಟರ್ ನೋಡುತ್ತ ಆಕಳಿಸುತ್ತಿದ್ದರು. ಆಮೇಲೆ ಇಬ್ಬರೂ ಕೆಳಗಿನವರೆಗೆ ಗಾಜು ಒರೆಸಿದರು.

ಊಟಕ್ಕೆ ತಂಡ ಕಟ್ಟಡದ ಹಿಂದಿನ ನೆರಳಿನಲ್ಲಿ ಕೂತಿತು. ಹುಡುಗಿ ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಮೇಸ್ತ್ರಿ ಕಾದ. ಅವಳು ಹೇಳಲಿಲ್ಲ. ಹಾಗಾದರೆ ಬಚಾವಾದೆ ಎಂದು ಅವನಿಗೆ ಎನ್ನಿಸಿದ್ದು ನಿಜ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಯಾರೂ ನೋಡಿಲ್ಲ. ಅವಳು ಹೇಳಿದರೂ ನಂಬುವವರಾರು? ಒಂದು ಕಡೆ ತಲೆ ನರೆತ ಮೇಸ್ತ್ರಿ, ಇನ್ನೊಂದು ಕಡೆ ಬಸ್ಸಿಗೆ ಬೆನ್ನು ಕೊಟ್ಟು ನಡೆಯುವ ಹುಡುಗಿ. ಅವಳನ್ನು ಕೆಲಸಕ್ಕೆ ಇಟ್ಟುಕೊಂಡರೆ ಇಬ್ಬರಿಗೂ ಒಳ್ಳೆಯದೇ.

ಎದುರಿಗೆ ತಮ್ಮ ತಲೆತಗ್ಗಿಸಿ ಉಣ್ಣುತ್ತಿದ್ದ. ಅವನನ್ನು ನೋಡುತ್ತಿದ್ದಂತೆ ಮೇಸ್ತ್ರಿ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೆ ಮರಳಿ ಹಾಕಿದ. ಅಂದು ತಮ್ಮನ ತಪ್ಪನ್ನೂ ಯಾರೂ ನೋಡಿರಲಿಲ್ಲ. ಮೇಸ್ತ್ರಿಯೂ ನೋಡಿರಲಿಲ್ಲ. ತಮ್ಮನೇ ಕೆಳಗಿಳಿದು ಬಂದು, “ಅಣ್ಣ, ಎರಡನೇದು ಹಾಕಿರ್ಲಿಲ್ಲ” ಎಂದು ಹೇಳಿದ್ದ. ‘ಕಣ್ಣಾರೆ ಕಂಡೆ’ ಎಂಬುದು ಆಮೇಲೆ, ಹೇಳುತ್ತ ಹೇಳುತ್ತ ಸೇರಿಕೊಂಡ ಮಾತು. ತಮ್ಮ ಒಮ್ಮೆಯೂ ಅದನ್ನು ತಿದ್ದಿರಲಿಲ್ಲ.

ಊಟ ಮುಗಿಯಿತು. ಇನ್ನೊಂದೇ ಪಟ್ಟಿ ಗಾಜು ಉಳಿದಿತ್ತು. ಮೇಸ್ತ್ರಿ ಎದ್ದು ಸೊಂಟದ ಪಟ್ಟಿ ಬಿಗಿದ. ಚಿನಕುರುಳಿ ಏಳಲಿಲ್ಲ.

“ಯಾಕೇ, ನಿದ್ದೆ ಬಂತಾ?” ಎಂದು ಕಿಚಾಯಿಸಿದ ಗೊಣಗಪ್ಪ.

“ಮಾವ ಹತ್ತಿದ್ರೆ ನಾನು ಹತ್ತಲ್ಲ” ಎಂದಳು.

“ಓಹೋ, ಆಗ್ಲೇ ಕೊಂಬು ಬಂತು ನಮ್ಮ ಹುಡುಗಿಗೆ!” ಗೊಣಗಪ್ಪ ನಕ್ಕ. “ಮೇಸ್ತ್ರಿ, ಇವಳನ್ನ ಇವತ್ತೇ ಮನೆಗೆ ಕಳ್ಸಿ.”

ಅವಳು ಮೇಸ್ತ್ರಿಯ ಮುಖವನ್ನೇ ನೋಡುತ್ತಿದ್ದಳು. ಎರಡೂ ಕೈಯನ್ನು ಮಂಡಿಯ ನಡುವೆ ಅದುಮಿ ಹಿಡಿದಿದ್ದಳು. ಅದುಮಿದ್ದು ನಡುಕ ಕಾಣಬಾರದೆಂದು. ಇಷ್ಟು ದಿನವೂ ಹಗ್ಗದಿಂದ ಕೆಳಗಿಳಿದು ಬಂದ ಮೇಲೆ ಅವಳು ಹೀಗೇ ಕೂರುತ್ತಿದ್ದಳು. ಅದನ್ನು ದಿನವೂ ನೋಡಿಯೂ ಅವನು ಕಂಡಿರಲಿಲ್ಲ. ಮೂರನೇ ಬಗೆಯಂತೆ, ಅಪ್ಪಟವಂತೆ! ತನ್ನ ಜಾತಕಜ್ಞಾನದ ಬಗ್ಗೆ ಅವನಿಗೆ ಮೊದಲ ಸಲ ನಾಚಿಕೆಯಾಯಿತು. ಅವಳನ್ನು ಮನೆಗೆ ಕಳಿಸಲು ಒಂದು ಮಾತು ಸಾಕು, ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಎದ್ದಿರಲಿಲ್ಲ.

“ಅವಳನ್ನಲ್ಲ” ಎಂದ ಮೇಸ್ತ್ರಿ. ಧ್ವನಿ ಅವನಿಗೇ ಗುರುತು ಸಿಗದಂತಿತ್ತು. “ಬೆಳಿಗ್ಗೆ ನಾನು ಎರಡನೇ ಹುಕ್ಕು ಹಾಕಿರ್ಲಿಲ್ಲ. ಇವಳೇ ಬಂದು ಹಾಕಿದ್ಲು. ಇನ್ಮೇಲೆ ನಾನು ಹತ್ತಲ್ಲ. ಇವಳು ಹತ್ತಲಿ, ಇವತ್ತಿಂದ ತಂಡದೋಳು.”

ಮೇಸ್ತ್ರಿ ಪಟ್ಟಿ ಬಿಚ್ಚತೊಡಗಿದ. ಬಿಗಿದ ಗಂಟು ಸಡಿಲಲು ತಡವಾಯಿತು, ಯಾರೂ ಕೈಹಚ್ಚಲಿಲ್ಲ. ತಮ್ಮ ಬಕೆಟ್ ತುಂಬಲು ಹೋದ.

ಮರುದಿನ ಹೊಸ ಕಟ್ಟಡ. ಮೇಸ್ತ್ರಿ ತಮ್ಮನ ಪಕ್ಕದಲ್ಲಿ ನೆಲದ ಮೇಲೆ ನಿಂತ. ಮೇಲೆ ಚಿನಕುರುಳಿ ಗೋಡೆಯ ಅಂಚಿಗೆ ಬಂದಳು. ಎಣಿಸಿದಳೋ ಇಲ್ಲವೋ, ಇಲ್ಲಿಗೆ ಕೇಳಿಸುವಂತಿಲ್ಲ. ಹುಕ್ಕಂತೂ ಕಾಣುವುದೇ ಇಲ್ಲ. ಅವಳು ದಾಟಿದಳು. ಮೇಲಿದ್ದಾಗ ಅವನು ಲೆಕ್ಕಕ್ಕೇ ಇಡದಿದ್ದ ಸಣ್ಣ ಗಾಳಿಗೆ ಅವಳು ಅತ್ತಿತ್ತ ತೂಗಿದಳು. ಕೆಳಗಿನಿಂದಲೇ ಹಿಡಿದುಬಿಡುವವನಂತೆ ಮೇಸ್ತ್ರಿ ಎರಡು ಹೆಜ್ಜೆ ಮುಂದಿಟ್ಟ. ಕಣ್ಣು ಕೀಳಲು ನೋಡಿದ, ಆಗಲಿಲ್ಲ.

“ಇದು ಎಷ್ಟು ದಿನಕ್ಕೆ ಅಭ್ಯಾಸ ಆಗತ್ತೋ?” ಎಂದು ಕೇಳಿದ, ಮೇಲೆ ನೋಡುತ್ತಲೇ.

ತಮ್ಮ ಬಕೆಟ್ ಕೆಳಗಿಟ್ಟು ಕೈ ಒರೆಸಿಕೊಂಡ.

“ನೀನು ಮೇಲಿರೋವರೆಗೂ ನಂಗೆ ಆಗ್ಲೇ ಇಲ್ಲ ಅಣ್ಣ” ಎಂದ. “ಎಷ್ಟೋ ವರ್ಷದ ಮೇಲೆ, ನಿನ್ನೆ ಚೆನ್ನಾಗಿ ನಿದ್ದೆ ಬಂತು.”