ಕೌದಿಯ ಆಚೆ ತುದಿ

"ರೀ, ಎಳೀಬೇಡಿ!" ಎಂದು ಅವಳು ಕೂಗುವಷ್ಟರಲ್ಲಿ ಸೂಜಿ ಮುರಿದಿತ್ತು. ಮುರಿದದ್ದು ಸುಮ್ಮನೆ ಮುರಿಯಲಿಲ್ಲ, ಅವಳ ಎಡಗೈ ತೋರುಬೆರಳನ್ನು ಹೊಕ್ಕು ತುಂಡಾಗಿ ಅಲ್ಲೇ ಉಳಿಯಿತು. ಹೊಲಿಗೆ ಮಷೀನಿನ ಆಚೆ ಬದಿಗೆ ಕುರ್ಚಿ ಹಾಕಿಕೊಂಡು ಕೂತಿದ್ದ ಗಂಡ ಮಾತ್ರ ಕೌದಿಯನ್ನು ಎರಡೂ ಕೈಯಿಂದ ತನ್ನ ಕಡೆಗೆ ಜಗ್ಗುತ್ತಲೇ ಇದ್ದ. ಬಟ್ಟೆಯ ಜೊತೆ ಅವಳ ಬೆರಳೂ ಆ ಕಡೆಗೆ ಹೋಗುತ್ತಿದೆ ಎಂಬ ಪರಿವೆ ಅವನಿಗಿರಲಿಲ್ಲ.

ಮಗಳು ಆಸ್ಪತ್ರೆಯಲ್ಲಿ ನರ್ಸು. ಅವಳೇ ಅಮ್ಮನನ್ನು ಕರೆದೊಯ್ದು ಸೂಜಿಯ ಚೂರು ತೆಗೆಸಿ, ಬೆರಳಿಗೆ ದಪ್ಪಗೆ ಪಟ್ಟಿ ಸುತ್ತಿಸಿ, ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಬಾಯಿ ಬಿಟ್ಟಳು.

"ಏನಾಯ್ತು ಅಂತ ನಿಜ ಹೇಳು."

"ಏನಾಗತ್ತೆ? ನನ್ನ ಕೈ ಜಾರಿತು."

"ಕೈ ಜಾರಿತಂತೆ! ಹುಟ್ಟಿದಾಗಿಂದ ನೋಡ್ತಿದೀನಿ, ಒಂದು ದಿನಾನೂ ಜಾರದ ಕೈ ಇವತ್ತು ಜಾರಿಬಿಡ್ತಾ? ಸುಳ್ಳು ಹೇಳೋಕೂ ಬರಲ್ಲ ನಿಂಗೆ."

ಅಪ್ಪ ಮೂಲೆಯಿಂದ ಎದ್ದು ಬಂದು ಪಟ್ಟಿ ಸುತ್ತಿದ ಬೆರಳನ್ನು ಬಗ್ಗಿ ನೋಡಿದ. "ಅಯ್ಯೋ ಪಾಪ, ಯಾರು ಹೀಗ್ಮಾಡಿದ್ದು?" ಎಂದ. ಅಮ್ಮ, ಮಗಳು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಬೀದಿಯಲ್ಲಿ ಅವಳನ್ನು ಎಲ್ಲರೂ ಕೌದಿಯಮ್ಮ ಎಂದೇ ಕರೆಯುವುದು. ಗಂಡನಿಗೆ ‘ಮೂರನೇ ಕೈ’ ಎಂದು ಹೆಸರು. ತಮಾಷೆಗೆ ಇಟ್ಟ ಹೆಸರಾದರೂ ಅದರಲ್ಲಿ ಸುಳ್ಳೇನಿರಲಿಲ್ಲ. ಅಂಗಿ ಹೊಲಿಯುವ ಸಣ್ಣ ಮಷೀನಿನಲ್ಲಿ ಮಂಚದಗಲದ ಕೌದಿ ಹೊಲಿಯುವುದೆಂದರೆ ಹುಡುಗಾಟವೇ? ಮಷೀನಿನ ಹಲ್ಲುಗಳು ಬಟ್ಟೆಯನ್ನು ಮುಂದಕ್ಕೆ ನೂಕುತ್ತವೆ, ನಿಜ. ಆದರೆ ಮೇಜಿನಿಂದ ಕೆಳಗೆ ನೇತುಬಿದ್ದ ಕೌದಿ ತನ್ನ ಭಾರಕ್ಕೇ ಹಿಂದಕ್ಕೆ ಜಗ್ಗುತ್ತದೆ. ಆಗ ಹೊಲಿಗೆಗಳು ಒಂದರ ಮೇಲೊಂದು ಬಿದ್ದು ಗಂಟಾಗುತ್ತವೆ, ಸಾಲು ಸೊಟ್ಟಗಾಗುತ್ತದೆ, ಸೂಜಿ ಬಾಗಿ ಪಟ್ಟೆಂದು ಮುರಿಯುತ್ತದೆ. ಮದುವೆಯಾದ ಹೊಸತರಲ್ಲಿ ಅವಳು ಮುರಿದ ಸೂಜಿಗಳಿಗೆ ಲೆಕ್ಕವಿಲ್ಲ. ಮಷೀನನ್ನು ಬೈದಳು, ಸೂಜಿ ಮಾರಿದ ಅಂಗಡಿಯವನ ವಂಶವನ್ನೆಲ್ಲ ಬೈದಳು. ಬಟ್ಟೆ ಗಿರಣಿಯಿಂದ ಪಾಳಿ ಮುಗಿಸಿ ಬಂದ ಗಂಡ ಬಾಗಿಲಲ್ಲೇ ನಿಂತು ನೋಡಿ ನಕ್ಕಿದ್ದ.

"ಸೂಜಿ ಏನ್ಮಾಡತ್ತೆ ಪಾಪ. ಬಟ್ಟೆ ನೇತಾಡ್ತಿದೆ ನೋಡೇ."

ಅಂದೇ ಆಚೆ ಬದಿಗೆ ಕುರ್ಚಿ ಎಳೆದುಕೊಂಡು ಕೂತವನು, ಕೌದಿಯನ್ನು ಮಡಿಲ ಮೇಲೂ ತೋಳಿನ ಮೇಲೂ ಹೊತ್ತುಕೊಂಡ. ಮಷೀನು ಎಷ್ಟು ಕೊಟ್ಟರೆ ಅಷ್ಟನ್ನು ಮಾತ್ರ ತೆಗೆದುಕೊಳ್ಳುವುದು. "ಎಳೀಬಾರದು, ತಡೀಬಾರದು. ಭಾರ ನಂದು, ದಾರಿ ನಿಂದು," ಎಂದಿದ್ದ. ಅಲ್ಲಿಂದ ಮುಂದೆ ಅವರ ಸಂಸಾರದ ಮಾತುಕತೆಯೆಲ್ಲ ಕೌದಿಯ ಮೇಲೆಯೇ ನಡೆಯಿತು. ಜಗಳ ಬಂದರೂ ಸಾಲು ಮುಗಿಯುವ ತನಕ ಇಬ್ಬರೂ ಏಳುವಂತಿಲ್ಲ. ಸಾಲು ಮುಗಿಯುವಷ್ಟರಲ್ಲಿ ಜಗಳ ಯಾತಕ್ಕೆಂಬುದೇ ಮರೆತುಹೋಗಿರುತ್ತಿತ್ತು.

ಈಗ ಮರೆವು ಬೇರೆ ಥರದ್ದು. ಮೊದಲು ಕನ್ನಡಕ ಇಟ್ಟ ಜಾಗ ಹೋಯಿತು, ಆಮೇಲೆ ಬೀದಿಯ ತಿರುವು ಹೋಯಿತು, ಆಮೇಲೆ ಮಗಳ ಹೆಸರು. ಕೌದಿ ಹಿಡಿಯುವುದೊಂದು ಮಾತ್ರ ಉಳಿದಿತ್ತು. ಮಷೀನಿನ ಸದ್ದು ಕೇಳಿದರೆ ಸಾಕು, ಎಲ್ಲಿದ್ದರೂ ಬಂದು ಆಚೆ ಬದಿಗೆ ಕೂರುತ್ತಿದ್ದ, ಮುಖದಲ್ಲಿ ಹಳೆಯ ಕಳೆ ಬರುತ್ತಿತ್ತು. ದೇವರು ಇಷ್ಟಾದರೂ ಬಿಟ್ಟನಲ್ಲ ಎಂದು ಅವಳು ಸಮಾಧಾನಪಟ್ಟುಕೊಂಡಿದ್ದಳು. ಆದರೆ ಇತ್ತೀಚೆಗೆ ಅವನ ಕೈಗಳು ಅವಳನ್ನು ಬಿಟ್ಟು ಇನ್ನೂ ಹಿಂದಕ್ಕೆ, ಮದುವೆಗಿಂತ ಹಿಂದಕ್ಕೆ ಹೋಗಿಬಿಟ್ಟಿದ್ದವು. ಗಿರಣಿಯಲ್ಲಿ ಅವನ ಮೊದಲ ಕೆಲಸ ಬಟ್ಟೆ ಮಡಿಸುವುದು. ಉರುಳೆಯಿಂದ ಇಳಿದು ಬರುವ ಬಟ್ಟೆಯನ್ನು ಬಿಗಿಯಾಗಿ ಎಳೆದೆಳೆದು ಮಡಿಕೆ ಹಾಕಬೇಕು, ಕೈ ನಿಧಾನವಾದರೆ ಮೇಸ್ತ್ರಿ ಬೈಯುತ್ತಿದ್ದ. ಈಗ ಕೌದಿ ಕೈಗೆ ಸಿಕ್ಕಿದರೆ ಅದೇ ಕೆಲಸ. ಜಗ್ಗು, ಮಡಿಸು, ಜಗ್ಗು. ಅವಳು ಕೂಗಿದರೆ ಮೇಸ್ತ್ರಿಯೇ ಕೂಗಿದನೆಂದು ಇನ್ನಷ್ಟು ಜೋರಾಗಿ ಜಗ್ಗುತ್ತಿದ್ದ.

ಮಗಳು ಮಾರನೆಯ ದಿನವೇ ಇಸ್ತ್ರಿ ಮೇಜೊಂದನ್ನು ಹೊತ್ತು ತಂದಳು. ಅದನ್ನು ಮಷೀನಿನ ಹಿಂದೆ ಇಟ್ಟು, ಎತ್ತರ ಸರಿಮಾಡಿ, ಎಡಕ್ಕೊಂದು ಹಲಗೆ ಜೋಡಿಸಿದಳು. ಮೇಲ್ಮೈಗೆಲ್ಲ ಮೇಣದ ಬತ್ತಿ ತಿಕ್ಕಿ ನುಣುಪು ಮಾಡಿದಳು. ಕೌದಿಯನ್ನು ಅದರ ಮೇಲೆ ಗುಡ್ಡೆ ಹಾಕಿ ತೋರಿಸಿದಳು. ಒಂದು ಅಂಚೂ ಕೆಳಗೆ ನೇತಾಡಲಿಲ್ಲ.

"ಇನ್ನು ಯಾರೂ ಹಿಡ್ಕೋಬೇಕಾಗಿಲ್ಲ. ಅಪ್ಪನ್ನ ಮಷೀನ್ ಹತ್ರ ಕೂರಿಸ್ಬೇಡ. ಕೂರಿಸಲ್ಲ ಅಂತ ಮಾತು ಕೊಡು."

"ಅವರಿಗೆ ಉಳಿದಿರೋದು ಅದೊಂದೇ ಕಣೇ. ಅದನ್ನೂ ಕಿತ್ಕೊಂಡ್ರೆ..."

"ನಂಗೆ ಗೊತ್ತಿಲ್ವಾ ಅಮ್ಮ?" ಎಂದಳು ಮಗಳು. "ಇವತ್ತು ಬೆರಳಾಯ್ತು. ನಾಳೆ ಅವರ ಕೈಯೇ ಸೂಜಿ ಕೆಳಗೆ ಬಂದ್ರೆ?"

ಅಮ್ಮ ಆಯಿತೆಂದು ತಲೆಯಾಡಿಸಿದಳು.

ಮಗಳು ಕೆಲಸಕ್ಕೆ ಹೋದ ಮೇಲೆ ಕೌದಿಯಮ್ಮ ಗಂಡನನ್ನು ಒಳಗಿನ ಕೋಣೆಯಲ್ಲಿ ಕೂರಿಸಿ ಬಂದು ಪೆಡಲು ತುಳಿದಳು. ಪಕ್ಕದ ಬೀದಿಯ ಟೀಚರಮ್ಮನ ಕೌದಿ, ಕೊನೆಯ ಕೆಲವು ಸಾಲು ಬಾಕಿ. ಬಟ್ಟೆ ಮೇಣದ ಮೇಲೆ ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ ಸಾಗಿತು. ಹೊಲಿಗೆಗಳು ಅಕ್ಕಿಕಾಳು ಜೋಡಿಸಿಟ್ಟಂತೆ ಬಿದ್ದವು. ಇಷ್ಟು ನೇರ ಸಾಲು ಅವಳ ಕೈಯಿಂದ ಯಾವತ್ತೂ ಬಂದಿರಲಿಲ್ಲ. ಅದೇ ಅವಳ ಹೊಟ್ಟೆ ಉರಿಸಿತು. ಒಂದಾದರೂ ಹೊಲಿಗೆ ಕೆಡಬಾರದೇ ಎನಿಸಿತು. ಒಂದು ಮರದ ಹಲಗೆ ಬಂದು ಇಷ್ಟು ಸಲೀಸಾಗಿ ಅವನ ಜಾಗದಲ್ಲಿ ಕೂತುಬಿಡುವುದೇ? ಕಣ್ಣು ಮಂಜಾಗಿ ಮಷೀನು ನಿಲ್ಲಿಸಿದಳು.

ಒಳಗಿನಿಂದ ಸರಬರ ಸದ್ದು. ಮಂಚದ ಹೊದಿಕೆಯನ್ನು ಜಗ್ಗುವುದು, ಮಡಿಸುವುದು, ಬಿಡಿಸುವುದು, ಮತ್ತೆ ಜಗ್ಗುವುದು. ಸ್ವಲ್ಪ ಹೊತ್ತಿಗೆ ಅವನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದ. ಅವಳನ್ನು ದಾಟಿ ನೇರ ಬಾಗಿಲ ಚಿಲಕಕ್ಕೆ ಕೈಯಿಟ್ಟ.

"ಎಲ್ಲಿಗ್ರೀ ಹೊರಟಿದ್ದು?"

ಅವನು ತಿರುಗಿ ನೋಡಿದ. ನೋಟದಲ್ಲಿ ಸಂಕೋಚವಿತ್ತು, ಗುರುತಿರಲಿಲ್ಲ.

"ಮನೆಗೆ ತಾಯಿ. ಹೊತ್ತಾಯ್ತು. ನೀವೇನೂ ಅಂದ್ಕೋಬೇಡಿ."

ಆ ‘ನೀವು’ ಬಂದು ಅವಳ ಎದೆಗೆ ಬಡಿಯಿತು. ಇಷ್ಟು ದಿನ ಏನು ಮರೆತರೂ ‘ಏನೇ’ ಎಂದು ಕರೆಯುವುದನ್ನು ಮರೆತಿರಲಿಲ್ಲ. ಮಷೀನಿನ ಅಂಚು ಹಿಡಿದುಕೊಂಡಳು.

"ಮನೇಲಿ ಯಾರಿದ್ದಾರೆ?" ಎಂದು ಕೇಳಿದಳು. ಯಾಕೆ ಕೇಳಿದಳೋ.

"ನನ್ನ ಹೆಂಡ್ತಿ. ಒಬ್ಳೇ ಇದ್ದಾಳೆ. ಕೌದಿ ಹೊಲೀತಾಳೆ ಅವಳು. ಆಚೆ ಕಡೆ ನಾನು ಹಿಡ್ಕೊಳ್ದೆ ಇದ್ರೆ ಸೂಜಿ ಮುರ್ಕೋತಾಳೆ. ಕೋಪ ಮೂಗಿನ ತುದೀಲೇ ಅವಳಿಗೆ, ಬೀದಿಗೆಲ್ಲ ಕೇಳೋ ಹಾಗೆ ಬೈತಾಳೆ."

"ಅಷ್ಟು ಬೈಯೋಳ ಹತ್ರ ಯಾಕೆ ಹೋಗ್ತೀರಾ?"

"ಬೈದ್ರೆ ಬೈಲಿ ಬಿಡಿ. ಪಾಪ, ಕಾಯ್ತಿರ್ತಾಳೆ."

ಅವಳು ಪಟ್ಟಿ ಕಟ್ಟಿದ ಬೆರಳನ್ನು ಕೌದಿಯ ಕೆಳಗೆ ಸೇರಿಸಿದಳು. ಅವನು ಮತ್ತೆ ಚಿಲಕದ ಕಡೆಗೆ ತಿರುಗಿದ. ಹೊರಗೆ ಹೋದರೆ ತಿರುವು ದಾಟಿ ಎಲ್ಲಿಗೆ ಹೋಗುತ್ತಾನೋ ಯಾರಿಗೆ ಗೊತ್ತು.

"ಇಲ್ನೋಡಿ," ಎಂದಳು. "ಒಂದು ಸಾಲು ಹಿಡ್ಕೊಂಡು ಹೋಗ್ತೀರಾ? ನಂಗೂ ಹಿಡ್ಕೊಳ್ಳೋರು ಯಾರೂ ಇಲ್ಲ."

ಅವನು ಬಾಗಿಲನ್ನು ನೋಡಿದ, ಅವಳನ್ನು ನೋಡಿದ. ನಂತರ ಕೌದಿಯನ್ನು ನೋಡಿದ.

"ಒಂದೇ ಸಾಲು. ಆಮೇಲೆ ಹೊರಡ್ತೀನಿ."

ಅವಳು ಅವನ ಕುರ್ಚಿಯನ್ನು ಇಸ್ತ್ರಿ ಮೇಜಿನ ಆಚೆಗೆ, ಸೂಜಿಗೆ ಕೈ ಎಟುಕದಷ್ಟು ದೂರಕ್ಕೆ ಹಾಕಿದಳು. ಸೂಜಿಗೂ ಅವನಿಗೂ ನಡುವೆ ಕೌದಿಯನ್ನು ಸಡಿಲವಾಗಿ ಮಡಿಕೆ ಮಡಿಕೆಯಾಗಿ ಪೇರಿಸಿಟ್ಟು, ತುದಿಯ ಮೂಲೆಯನ್ನು ಅವನ ಕೈಗೆ ಕೊಟ್ಟಳು. ಎಳೆದರೂ ಆ ಸಡಿಲವಷ್ಟೇ ಹೋಗಬೇಕು, ಸೂಜಿಯ ತನಕ ಬರಬಾರದು.

"ನೋಡಿ ತಾಯಿ, ಇದರಲ್ಲಿ ಒಂದು ಗುಟ್ಟಿದೆ," ಎಂದ ಅವನು, ಆಗಲೇ ಎರಡೂ ಕೈಯಲ್ಲಿ ಜಗ್ಗುತ್ತಾ. "ಎಳೀಬಾರದು, ತಡೀಬಾರದು. ಭಾರ ನಂದು, ದಾರಿ ನಿಂದು. ನಮ್ಮನೇಲಿ ಹೀಗೇ."

"ಹೌದಾ," ಎಂದಳು. ಪೆಡಲು ತುಳಿದಳು.

ಅವಳು ಸಾಲಿನ ನಡುವೆ ಮಷೀನು ನಿಲ್ಲಿಸಿ, ಅವನು ಜಗ್ಗಿದಷ್ಟನ್ನೂ ಕೈಚಾಚಿ ಮೇಜಿನ ಮೇಲೆ ಮತ್ತೆ ಸಡಿಲ ಮಾಡುತ್ತಿದ್ದಳು. ಹೀಗೆ ಉಳಿದ ಸಾಲುಗಳೂ ಮುಗಿದವು. ಕೊನೆಯದರ ಅಂಚಿಗೆ ಬಂದಾಗ ಮಷೀನು ನಿಂತಿತು. ಅವನು ಕೂಡಲೇ ತಲೆಯೆತ್ತಿದ.

"ಆಯ್ತಾ? ಹೊರಡ್ಲಾ? ಅವಳು ಕಾಯ್ತಿರ್ತಾಳೆ."

"ಇಲ್ಲ, ಇನ್ನೊಂದು ಸಾಲಿದೆ," ಎಂದಳು ಕೌದಿಯಮ್ಮ.

ಅವಳು ದಾರ ಕತ್ತರಿಸಿದಳು. ಸೂಜಿಯ ಕಣ್ಣಿನಿಂದ ಮೇಲಿನ ದಾರವನ್ನು ಹೊರಗೆಳೆದು, ಕೆಳಗಿನ ದಾರದ ಬಾಬಿನ್ನನ್ನೂ ತೆಗೆದು ಪಕ್ಕಕ್ಕಿಟ್ಟಳು. ಮುಗಿದ ಕೌದಿಯನ್ನು ತಿರುಗಿಸಿ, ಅಂಚನ್ನು ಮತ್ತೆ ಸೂಜಿಯ ಕೆಳಗಿಟ್ಟು, ಅದರ ಇನ್ನೊಂದು ಮೂಲೆಯನ್ನು ಅವನ ಕೈಗೆ ಕೊಟ್ಟು ಪೆಡಲು ತುಳಿದಳು. ಬರಿಯ ಸೂಜಿ ಟಕಟಕ ಎನ್ನುತ್ತಾ ಹೊರಟಿತು. ಆಚೆ ತುದಿಯಲ್ಲಿ ಅವನು ಬಾಗಿಲ ಕಡೆಗೊಮ್ಮೆ ನೋಡಿ, ಬಟ್ಟೆಯನ್ನು ಮಡಿಲಿಗೆ ಎಳೆದುಕೊಂಡ.