ಕಮಾನಿನ ಗೋಡೆಯ ಎರಡು ಹೆಸರು

ಯಾದಗಿರಿ ಕೋಟೆ ಬೇಡ ಎನ್ನಲು ದೇವು ಮೂರು ಕಾರಣ ಕೊಟ್ಟಿದ್ದ. ಬಿಸಿಲು, ಮೆಟ್ಟಿಲು, ಹುಡುಗಿಯರ ಜವಾಬ್ದಾರಿ. ಅವನು ಪಾಠ ಮಾಡುವ ಸುರಪುರದ ಕಾಲೇಜಿನ ಪ್ರಿನ್ಸಿಪಾಲರು ಮೂರನ್ನೂ ಒಂದೇ ಮಾತಿಗೆ ಪಕ್ಕಕ್ಕೆ ಸರಿಸಿದರು.

"ಮತ್ತ ಗ್ರೀಸಿಗೆ ಕರ್ಕೊಂಡು ಹೋಗ್ತೀರೇನ್ರಿ?"

ಗ್ರೀಸಿನ ಮಾತು ತೆಗೆದವನು ದೇವುವೇ. ಬಿ.ಎ. ಎರಡನೇ ವರ್ಷದವರಿಗೆ ಪ್ರಾಚೀನ ಗ್ರೀಸ್ ಪಾಠ ಮಾಡುತ್ತ ಒಂದು ವಿಡಿಯೋ ತೋರಿಸಿದ್ದ. ಕೆಂಪು ಛತ್ರಿ ಹಿಡಿದ ಗೈಡ್ ಹೆಂಗಸು ಮುಂದೆ, ಟೋಪಿ ಹಾಕಿದ ಪ್ರವಾಸಿಗರು ಹಿಂದೆ, ಮುರಿದ ಕಂಬಗಳ ನಡುವೆ ನಡಿಗೆ. ಒಂದು ಕಂಬದ ಬುಡದಲ್ಲಿ ಆಕೆ ನಿಂತು, ಇನ್ನೂರು ವರ್ಷದ ಹಿಂದೆ ಯಾರೋ ಕೊರೆದಿಟ್ಟು ಹೋದ ಹೆಸರು ತೋರಿಸಿದಳು. ಕ್ಲಾಸು ನಕ್ಕಿತು. "ಅಲ್ಲೂ ನಮ್ಮಂಥಾವ್ರ ಅದಾರ್ರಿ ಸರ್" ಎಂದ ಚೇತನಕುಮಾರ. ದೇವು ವಿಡಿಯೋ ಮುಗಿಯುವ ಮೊದಲೇ ಲ್ಯಾಪ್‌ಟಾಪ್ ಮುಚ್ಚಿದ. ಆದರೆ ಉಮಾಶ್ರೀ ಎಂಬ ಹುಡುಗಿ ಬಿಡಲಿಲ್ಲ. ನಮಗೂ ಒಂದು ಹಾಳು ಕೋಟೆ ಇದೆ, ನಾವೂ ಗೈಡ್ ಹಿಂದೆ ನಡೆದು ನೋಡಬೇಕು ಎಂದು ಅರ್ಜಿ ಬರೆದು, ಎಲ್ಲರ ಸಹಿ ಹಾಕಿಸಿ, ಪ್ರಿನ್ಸಿಪಾಲರ ಟೇಬಲ್ಲಿಗೆ ಮುಟ್ಟಿಸಿದಳು.

ನಾಲ್ಕನೆಯ ಕಾರಣವನ್ನು ದೇವು ಯಾರಿಗೂ ಹೇಳುವಂತಿರಲಿಲ್ಲ. ಆ ಕೋಟೆಯ ಎರಡನೇ ದರವಾಜದ ಕಮಾನಿನ ಒಳಗೋಡೆಯಲ್ಲಿ ಎರಡು ಹೆಸರುಗಳಿದ್ದವು. ಹನ್ನೆರಡು ವರ್ಷದ ಹಿಂದೆ, ಹತ್ತನೇ ಕ್ಲಾಸಿನಲ್ಲಿದ್ದಾಗ, ಅವನ್ನು ಕೊರೆದವನು ಅವನು. ಅವೆರಡರಲ್ಲಿ ಅವನ ಹೆಸರಿರಲಿಲ್ಲ.

ಗುಡ್ಡದ ಕೆಳಗೆ ಬಸ್ಸು ನಿಂತಾಗ ಗೈಡ್ ಕಾಯುತ್ತಿದ್ದ. ಕೊರಳಲ್ಲಿ ಗುರುತಿನ ಚೀಟಿ, ಕಂಕುಳಲ್ಲಿ ಒಂದು ರಿಜಿಸ್ಟರು. ದೇವು ಇಳಿದದ್ದೇ ತಡ, ಬಂದು ಹೆಗಲು ಹಿಡಿದು ಅಲುಗಾಡಿಸಿದ.

"ಲೇ, ನೀ ಹಾಸ್ಟೆಲ್ ದೇವು ಅಲ್ಲೇನು? ನಾನಲೇ, ಶಹಬಾಜ."

ಅದು ಆ ಎರಡು ಹೆಸರುಗಳಲ್ಲಿ ಒಂದು.

"ಗೈಡ್ ಯಾವಾಗ ಆದಿ?" ಎಂದು ದೇವು ಅವನ ಕೊರಳಿನ ಚೀಟಿ ನೋಡುತ್ತ ಕೇಳಿದ.

"ಎರಡು ವರ್ಷ ಆತು. ಟ್ರೇನಿಂಗ್ ಕೊಟ್ಟರು, ಹ್ವಾದೆ. ನೀ ಲೆಕ್ಚರರ್ ಆಗೀದಿ ಅಂತ ಕೇಳಿದ್ದೆ. ನಮ್ಮ ಅಮ್ಮಿ ಇನ್ನೂ ನಿನ್ನ ನೆನಸ್ತಾಳ. ಆ ಸುರಪುರದ ಹುಡುಗ ಖೀಮಾದ ತಪೇಲಿ ಬಳದು ತಿಂತಿದ್ದ ಅಂತ." ಹುಡುಗರ ಕಡೆ ತಿರುಗಿ, "ನಿಮ್ಮ ಸರ್ ನನ್ನ ಕ್ಲಾಸ್‌ಮೇಟ್ ನೋಡ್ರಿ. ಇವತ್ತು ಹುಷಾರಾಗಿ ಹೇಳಬೇಕಾಗ್ತದ, ತಪ್ಪು ಹೇಳಿದ್ರ ಹಿಡೀತಾರ" ಎಂದ.

ಮೆಟ್ಟಿಲು ಹತ್ತಲು ಶುರುಮಾಡಿದರು. ಶಹಬಾಜ ಚೆನ್ನಾಗಿ ಹೇಳುತ್ತಿದ್ದ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳುತ್ತಿದ್ದ. ಮೊದಲ ದರವಾಜದಲ್ಲಿ ಚೇತನಕುಮಾರ ಸೊಂಟಕ್ಕೆ ಕೈಕೊಟ್ಟು ನಿಂತ.

"ಇಷ್ಟು ಹತ್ತಿ ಬಂದ ವೈರಿ ಯುದ್ಧ ಮಾಡೂದಿಲ್ರಿ ಸರ್, ಕುಡಿಯಾಕ ನೀರು ಕೇಳ್ತಾನ."

"ಅದಕ್ಕ ಮ್ಯಾಲ ಹೊಂಡ ತೋಡ್ಸ್ಯಾರ. ನೀ ವೈರಿ ಆದ್ರೂ ನೀರು ಸಿಗ್ತದ, ಹತ್ತು" ಎಂದ ಶಹಬಾಜ.

ದೇವು ಎಲ್ಲರಿಗಿಂತ ಹಿಂದೆ ಉಳಿದ. ಗೋಡೆಗೆ ಯಾರಾದರೂ ಸುಣ್ಣ ಬಳಿದಿರಬಹುದು. ಮಳೆಗೆ ಗೀರು ಸವೆದಿರಬಹುದು. ಎರಡನೇ ದರವಾಜ ದಾಟುವಾಗ ಶಹಬಾಜ ತಲೆ ತಗ್ಗಿಸಿ ಸುಮ್ಮನೆ ಹೋಗಬಹುದು. ಯಾರು ತಾನೆ ತನ್ನ ಗಾಯವನ್ನು ಊರಿಗೆ ತೋರಿಸುತ್ತಾರೆ?

ಶಹಬಾಜ ಅಲ್ಲೇ ನಿಂತ.

"ಇಷ್ಟೊತ್ತು ರಾಜರು ಕಟ್ಟಿಸಿದ್ದು ನೋಡಿದ್ರಿ. ಈಗ ಬ್ಯಾರೆಯವರು ಬರದದ್ದು ನೋಡ್ರಿ."

ಗೋಡೆಯ ತುಂಬ ಹೆಸರು, ಬಾಣ, ಹೃದಯ, ಫೋನ್ ನಂಬರು. ಶಹಬಾಜ ಎದೆಯ ಮಟ್ಟದಲ್ಲಿದ್ದ ಒಂದು ಕಲ್ಲಿನ ಮೇಲೆ ಬೆರಳಿಟ್ಟ. ಭುವನೇಶ್ವರಿ. ಅದರ ಕೆಳಗೆ ಶಹಬಾಜ.

"ಸರ್, ಇದು ನಿಮ್ಮ ಹೆಸರಲ್ಲೇನ್ರಿ?" ಎಂದ ಚೇತನಕುಮಾರ. "ನೀವೂ ನಮ್ಮ ಪಾರ್ಟಿನೇ ಅನ್ರಿ." ಎಲ್ಲರೂ ನಕ್ಕರು.

"ಹೆಸರು ನಂದ. ಕೈ ನಂದಲ್ಲ" ಎಂದ ಶಹಬಾಜ. "ನಿಮಗ ಶಾಸನ ಓದೂದು ಸರ್ ಕಲಿಸಿರಬೇಕಲ್ಲ? ಇದನ್ನೂ ಹಂಗ ಓದೂಣು. ಗೀರು ಸಣ್ಣದು. ಚಾಕು ಅಲ್ಲ, ಮೊಳಿ ಅಲ್ಲ. ಕಂಪಾಸ್ ಪೆಟ್ಟಿಗಿಯೊಳಗಿನ ಕೈವಾರ. ಅಂದ್ರ ಸಾಲಿ ಹುಡುಗ. ಆ ಹುಡುಗಿ ಹೆಸರು ನೋಡ್ರಿ, ಎಷ್ಟು ನೀಟ್ ಐತಿ, ಸಮಾಧಾನಲೆ ಕೊರದಾನ. ನನ್ನ ಹೆಸರು ನೋಡ್ರಿ, ಓಡಿ ಹೋಗಾವ ಬರದಂಗ ಐತಿ. ಅದರ ಬುಡಕ ಕೆರದದ್ದು ಕಾಣಸ್ತದಲ್ಲ? ಅಲ್ಲಿ ಬ್ಯಾರೆ ಹೆಸರು ಚಾಲೂ ಮಾಡಿದ್ದ. ಅದು ಅವಂದು. ಅವಂಗ ಅಕಿ ಬೇಕಾಗಿದ್ಲು, ಧೈರ್ಯ ಸಾಲಲಿಲ್ಲ. ತನ್ನ ಹೆಸರು ಕೆರದು ನನ್ನ ಹೆಸರಿಟ್ಟು ಹ್ವಾದ."

ದೇವು ಕಮಾನಿನ ಆಚೆಗಿನ ಬಿಸಿಲು ನೋಡುತ್ತ ನಿಂತಿದ್ದ. ಹನ್ನೆರಡು ವರ್ಷದಲ್ಲಿ ಇಷ್ಟು ಸರಿಯಾಗಿ ಅವನು ತನಗೆ ತಾನೇ ಹೇಳಿಕೊಂಡಿರಲಿಲ್ಲ. ಅಂದು ಕ್ಲಾಸಿನವರೆಲ್ಲ ಹೊಂಡದ ಕಡೆ ಹೋದಾಗ ಅವನು ಇಲ್ಲಿ ಉಳಿದಿದ್ದ. ಭುವನೇಶ್ವರಿ ಗಣಿತದ ನೋಟ್‌ಬುಕ್ಕು ಕೇಳುತ್ತಿದ್ದುದು ಶಹಬಾಜನ ಹತ್ತಿರ. ಅಷ್ಟೇ ಅವರ ನಡುವೆ ಇದ್ದದ್ದು. ದೇವುವಿನ ಹತ್ತಿರ ಅವಳು ಏನೂ ಕೇಳುತ್ತಿರಲಿಲ್ಲ.

"ಆಮ್ಯಾಲ ಏನಾತ್ರಿ?" ಉಮಾಶ್ರೀ ಕೇಳಿದಳು.

"ಯಾರೋ ಫೋಟೋ ತಗದು ಅಕಿ ಅಣ್ಣಗ ತೋರಿಸಿದ್ರು. ನಮ್ಮ ಬಾಬಾನ ಟೇಲರ್ ಅಂಗಡಿ ಶಟರ್ ಮುರದರು. ನಾವು ರಾತ್ರೋರಾತ್ರಿ ಶಹಾಪುರಕ್ಕ ಹ್ವಾದಿವಿ, ಮಾಮಾನ ಮನಿಗೆ. ಆ ವರ್ಷ ಪರೀಕ್ಷಾ ಹೋತು. ಎರಡು ವರ್ಷ ಬಿಟ್ಟು ಬರದೆ."

"ಆ ಹುಡುಗಿ?"

"ಅಕೀನ ಮರುದಿನದಿಂದ ಸಾಲಿಗೆ ಕಳಸಲಿಲ್ಲ. ಎರಡು ತಿಂಗಳಿಗೆ ದೋರನಹಳ್ಳಿಗೆ ಮದುವಿ ಮಾಡಿಕೊಟ್ಟರು. ಹದಿನಾರು ವರ್ಷ. ನಮ್ಮ ಕ್ಲಾಸಿಗೆ ಅಕಿನೇ ಫಸ್ಟ್. ಹೌದಿಲ್ಲೋ ದೇವು?"

"ಹೌದು" ಎಂದ ದೇವು.

ಬೆಳಿಗ್ಗೆ ಇಲ್ಲಿಗೆ ಬರುವಾಗ ಬಸ್ಸು ದೋರನಹಳ್ಳಿಯಲ್ಲಿ ಐದು ನಿಮಿಷ ನಿಂತಿತ್ತು. ಅವನು ಕಿಟಕಿಯ ಪರದೆ ಎಳೆದುಕೊಂಡು ಕೂತಿದ್ದ. ಆ ವರ್ಷ ಹೆಡ್‌ಮಾಸ್ತರರು ಕ್ಲಾಸಿಗೆ ಬಂದು, ಬರೆದವರು ಎದ್ದು ನಿಲ್ಲಿ, ಏನೂ ಮಾಡುವುದಿಲ್ಲ ಎಂದಿದ್ದರು. ಮೂರನೇ ಬೆಂಚಿನಲ್ಲಿದ್ದ ದೇವು ಬೇರೆಯವರಂತೆ ತಾನೂ ಅತ್ತಿತ್ತ ನೋಡಿದ್ದ. ಮಾರ್ಚಿನಲ್ಲಿ ಪರೀಕ್ಷೆ ಬರೆದ. ಮೊದಲ ದರ್ಜೆ ಬಂತು.

ಉಮಾಶ್ರೀ ಗೋಡೆಯ ಹತ್ತಿರ ಹೋದಳು. ಫೋನಿನ ಬೆಳಕು ಹಚ್ಚಿ ಕಲ್ಲಿಗೆ ಓರೆಯಾಗಿ ಹಿಡಿದಳು.

"ಏನ್ ಮಾಡಾಕತ್ತೀದಿ?" ದೇವುವಿನ ದನಿ ಬೇಕಾದ್ದಕ್ಕಿಂತ ದೊಡ್ಡದಾಯಿತು.

"ಸವದ ಅಕ್ಷರ ಅಡ್ಡ ಬೆಳಕಿಗೆ ಕಾಣಸ್ತಾವಂತ ನೀವ ಹೇಳೀರಲ್ರಿ ಸರ್. ಕೆರದ ಹೆಸರು ಓದಾಕ ಬರ್ತದೇನು ನೋಡ್ತೀನಿ."

"ಹೊತ್ತಾತು. ಮ್ಯಾಲ ಇನ್ನೂ ಭಾಳ ಐತಿ, ನಡೀರಿ."

"ಇರಲಿ ಬಿಡೋ, ನೋಡ್ಲಿ" ಎಂದ ಶಹಬಾಜ. "ನಾನೂ ಭಾಳ ಸಲ ನೋಡೀನಿ. ಹೊಸಾ ಕಣ್ಣು, ಸಿಕ್ಕರ ಸಿಗಲಿ."

ಇಪ್ಪತ್ತೆರಡು ಜನ ಒಬ್ಬರ ಮೇಲೊಬ್ಬರು ಬಿದ್ದು ಬಗ್ಗಿದರು. ಯಾರೋ ಬಾಟಲಿಯ ನೀರು ಚಿಮುಕಿಸಿದರು. ಉಮಾಶ್ರೀ ಬೆಳಕನ್ನು ಎಡಕ್ಕೆ ತಂದಳು, ಬಲಕ್ಕೆ ತಂದಳು, ಕೆಳಗಿನಿಂದ ಹಿಡಿದಳು. ದೇವು ಅಂಗೈ ಪ್ಯಾಂಟಿಗೆ ಒರೆಸಿಕೊಂಡ. ಕಡೆಗೆ ಅವಳು ಫೋನು ಆರಿಸಿದಳು.

"ಗೀರು ಅದಾವ್ರಿ. ಏನಂತ ಗೊತ್ತಾಗವಲ್ದು. ಭಾಳ ಕೆರದಾನ."

ದೇವುವಿಗೆ ಮೊದಲು ಆದದ್ದು ಸಮಾಧಾನ. ಅದು ಎಷ್ಟು ಚೆನ್ನಾಗಿತ್ತೆಂದರೆ ಮುಂದಿನ ಹತ್ತು ಮೆಟ್ಟಿಲು ಅವನು ಹಗುರಾಗಿ ಹತ್ತಿದ. ಹನ್ನೊಂದನೆಯದರಲ್ಲಿ ಶಹಬಾಜ ಪಕ್ಕಕ್ಕೆ ಬಂದು ತನ್ನ ನೀರಿನ ಬಾಟಲಿ ಚಾಚಿದ.

"ಯಾಕೋ, ಮಾರಿ ಬಾಡೇತಿ? ಕುಡಿ."

ದೇವು ಕುಡಿದ. "ಅಲ್ಲಿ ಯಾಕ ನಿಲ್ಲಸ್ತಿ ಜನರನ್ನ? ನಿನಗ ತ್ರಾಸ ಆಗೂದಿಲ್ಲೇನು?"

"ಆಗ್ತದ. ಆದ್ರ ದಿನಾ ಇಪ್ಪತ್ತು ಮಂದಿ ಮುಂದ ನಾ ಬರದಿಲ್ಲ ಅಂತ ಹೇಳಿದಂಗ ಆಗ್ತದಲ್ಲ. ಆವಾಗ ಯಾರೂ ಕೇಳಲಿಲ್ಲ. ಈಗ ಟಿಕೆಟ್ ತಗೊಂಡು ಬಂದಾರ, ಕೇಳಬೇಕಾಗ್ತದ." ಶಹಬಾಜ ನಕ್ಕ. "ನಮ್ಮ ಬಾಬಾ ಸೈತ ನಂಬಿಲ್ಲಲೇ. ಮನ್ನೆ ಅಂಗಡಿ ಮಾತು ಬಂದಾಗ, ನಿನ್ನ ಕೈಯಿಂದ ಆಗಿದ್ದು ಅಂದ್ರು."

ದೇವು ಶಹಬಾಜನ ತಂದೆ ಹಾಶಿಮ ಸಾಬರನ್ನು ಬಲ್ಲ. ಹಾಸ್ಟೆಲಿನಲ್ಲಿದ್ದಾಗ ಅವನ ಹರಿದ ಸಮವಸ್ತ್ರವನ್ನು ಎರಡು ಸಲ ಸುಮ್ಮನೆ ಹೊಲಿದುಕೊಟ್ಟಿದ್ದವರು ಅವರೇ. ಮೇಲೆ ಹುಡುಗರೆಲ್ಲ ಫಿರಂಗಿ ತೋಪು ನೋಡಿದರು, ಹೊಂಡ ನೋಡಿದರು, ಫೋಟೋ ತೆಗೆಸಿಕೊಂಡರು. ದೇವು ಪ್ರತಿ ಫೋಟೋದಲ್ಲೂ ಇದ್ದ.

ಕೆಳಗಿಳಿದಾಗ ಮೂರು ಗಂಟೆ. ಹುಡುಗರು ಕಬ್ಬಿನ ಹಾಲಿನ ಗಾಡಿಯ ಸುತ್ತ ಮುತ್ತಿದರು. ಶಹಬಾಜ ರಿಜಿಸ್ಟರನ್ನು ಬಸ್ಸಿನ ಬಾನೆಟ್ಟಿನ ಮೇಲೆ ತೆರೆದಿಟ್ಟ.

"ಮೊದಲು ನೀ ಬರಿ, ಆಮ್ಯಾಲ ಹುಡುಗ್ರು ಸಹಿ ಮಾಡ್ಲಿ. ಛಲೋ ಬರಿ ಮತ್ತ, ಇಲಾಖೆ ಸಾಹೇಬ್ರು ಓದ್ತಾರ."

ದೇವು ಪೆನ್ನು ಹಿಡಿದ. ಮೇಲಿನ ಸಾಲುಗಳಲ್ಲಿ ಬೇರೆ ಬೇರೆ ಕೈಬರಹದಲ್ಲಿ 'ಉತ್ತಮ ಮಾಹಿತಿ', 'ಗೈಡ್ ಚೆನ್ನಾಗಿ ವಿವರಿಸಿದರು' ಎಂದಿತ್ತು. ಅವನೂ 'ಉತ್ತಮ' ಎಂದು ಬರೆದ. ಪೆನ್ನು ಅಲ್ಲಿಗೆ ನಿಂತಿತು.

"ಆ ಕೆರದ ಹೆಸರು ನಂದು, ಶಹಬಾಜ."

ಹಿಂದೆ ಕಬ್ಬಿನ ಗಾಡಿಯ ಗೆಜ್ಜೆ ಉಲಿಯುತ್ತಿತ್ತು. ಶಹಬಾಜ ದೇವುವನ್ನು ನೋಡಲಿಲ್ಲ, ಪುಟವನ್ನು ನೋಡಿದ.

"ಏನಂದ್ರಿ?"

ಬೆಳಗಿನಿಂದ 'ಲೇ' ಎಂದವನು ಈಗ 'ರಿ' ಎಂದಿದ್ದ. ದೇವು ಹೊಡೆತಕ್ಕೆ ತಯಾರಾಗಿದ್ದ, ಇದಕ್ಕಲ್ಲ.

"ನಾನ ಬರದದ್ದು. ನನ್ನ—"

"ಮಾಫಿ ಅನಬ್ಯಾಡ್ರಿ. ಅದನ್ನ ತಗೊಂಡು ನಾ ಏನು ಮಾಡ್ಲಿ? ನಮ್ಮ ಮನಿಯಾಗ ಉಂಡೀರಿ ನೀವು." ಅವನ ದನಿ ಏರಲಿಲ್ಲ. "ಬರೀರಿ. ಬರಿಯೂದು ನಿಮಗ ಬರ್ತದಲ್ಲ. ಇದರಾಗ ಹೆಸರು, ಊರು, ಫೋನ್ ನಂಬರ್, ಎಲ್ಲಾಕ್ಕೂ ಜಾಗಾ ಐತಿ. ಈ ಸಲ ಕೆರೀಬ್ಯಾಡ್ರಿ."

ದೇವು 'ಉತ್ತಮ'ದ ಕೆಳಗೆ ಬರೆದ. ಎರಡನೇ ದರವಾಜದ ಗೋಡೆಯ ಮೇಲೆ ಭುವನೇಶ್ವರಿ ಮತ್ತು ಶಹಬಾಜ ಎಂಬ ಹೆಸರುಗಳನ್ನು ಕೊರೆದವನು ನಾನು. ಅವರಿಬ್ಬರಿಗೂ ಅದು ಗೊತ್ತಿರಲಿಲ್ಲ.

ಶಹಬಾಜ ಓದಿದ. "ಅವರಿಬ್ಬರ ನಡುವ ಏನೂ ಇರಲಿಲ್ಲ ಅಂತನೂ ಬರೀರಿ."

ದೇವು ಅದನ್ನೂ ಬರೆದು, ಕೆಳಗೆ ತನ್ನ ಹೆಸರು, ಊರು, ಫೋನ್ ನಂಬರು ಹಾಕಿದ. ಶಹಬಾಜ ಫೋನು ತೆಗೆದು ಪುಟದ ಫೋಟೋ ಹಿಡಿದ, ಸರಿ ಬಂದಿದೆಯೇ ಎಂದು ದೊಡ್ಡದು ಮಾಡಿ ನೋಡಿದ.

"ಇದು ನಮ್ಮ ಬಾಬಾಗ."

"ಭುವನೇಶ್ವರಿಗೆ ನಾ ಹೋಗಿ—"

"ಅಕಿ ಮನಿಗೆ ಹೋಗಬ್ಯಾಡ್ರಿ. ಅಕಿಗೆ ಗಂಡ ಅದಾನ, ಅತ್ತಿ ಅದಾಳ. ನಿಮ್ಮ ಸಲುವಾಗಿ ಅಕಿ ಇನ್ನೊಮ್ಮೆ ಯಾರಿಗೂ ಜವಾಬು ಕೊಡೂದು ಬ್ಯಾಡ. ಅಕಿ ಅಣ್ಣ ಪ್ರವೀಣಕುಮಾರ ಗಂಜಿನ್ಯಾಗ, ಕಾಳಿನ ಪ್ಯಾಟ್ಯಾಗ, ಅಡತಿ ಅಂಗಡಿ ಇಟ್ಟಾನ. ಅವನ ಮುಂದ ಹೇಳ್ರಿ. ಅಕಿ ತವರಮನಿಗೆ ಬರೂದು ಬಿಟ್ಟು ಎಷ್ಟು ವರ್ಷ ಆಗೇದ ಅವನ್ನ ಕೇಳ್ರಿ."

"ಶಟರ್ ಮುರದಾವ ಅವನಾ?"

"ಅವನೇ. ಅಂಜಿಕಿ ಬರ್ತದೇನ್ರಿ?"

"ಬರ್ತದ."

"ಬರಬೇಕು" ಎಂದ ಶಹಬಾಜ. ಎದೆಯ ಮೇಲಿನ ಗುರುತಿನ ಚೀಟಿ ಸರಿಮಾಡಿಕೊಂಡು ಕಬ್ಬಿನ ಗಾಡಿಯ ಕಡೆ ಹೋದ, ಗ್ಲಾಸು ತೆಗೆದುಕೊಳ್ಳದೆ ಬೆನ್ನು ತಿರುಗಿಸಿ ನಿಂತ.

ಉಮಾಶ್ರೀ ಬಾಯಿ ಒರೆಸಿಕೊಳ್ಳುತ್ತ ಸಹಿಗೆ ಬಂದಳು. ದೇವುವಿನ ಕೈ ತಾನಾಗಿಯೇ ಪುಟದ ಮೇಲೆ ಹೋಯಿತು. ಅವನು ಅದನ್ನು ಹಿಂದಕ್ಕೆ ತೆಗೆದುಕೊಂಡ. ಅವಳು ಓದಿದಳು, ಬೆರಳಿಟ್ಟು ಇನ್ನೊಮ್ಮೆ ಓದಿದಳು. ಆಮೇಲೆ ಅವನ ಕೈಯಲ್ಲಿದ್ದ ಪೆನ್ನಿನ ಕಡೆ ನೋಡಿದಳು.

"ನಾ ಎಲ್ಲಿ ಸಹಿ ಮಾಡ್ಲಿರಿ?"

"ಅದರ ಕೆಳಗ."

ಕೆಳಗೆ ಐದಾರು ಸಾಲು ಖಾಲಿ ಇದ್ದವು. ಉಮಾಶ್ರೀ ತನ್ನ ಚೀಲದಿಂದ ತನ್ನದೇ ಪೆನ್ನು ತೆಗೆದಳು, ಹಾಳೆ ತಿರುವಿದಳು, ಹೊಸ ಪುಟದ ಮೊದಲ ಸಾಲಿನಲ್ಲಿ ಹೆಸರು ಬರೆದಳು.

ದೇವು ಹಾಜರಿ ಪಟ್ಟಿಯನ್ನು ಚೇತನಕುಮಾರನ ಕೈಗಿಟ್ಟು, ಎಲ್ಲರನ್ನೂ ಎಣಿಸಿ ಕೂಡಿಸು, ನಾನು ಬರುವುದು ತಡವಾದರೆ ಬಸ್ಸು ಬಿಡಿಸು ಎಂದ.

"ಎಲ್ಲಿಗ್ರಿ ಸರ್?"

"ಗಂಜಿಗೆ."

ಗಂಜಿನ ದಾರಿ ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ನಡುವೆ ಇಬ್ಬರನ್ನು ನಿಲ್ಲಿಸಿ ದಾರಿ ಕೇಳಿದ.