ಮೂರು ಸಲ ಹೇಳಿದ ಮೇಲೆ

ತೈವಾನಿನ ಆ ಕಡಲ ಪಟ್ಟಣದ ಅಧ್ಯಕ್ಷ ತೂ ವೆನ್‌ಲ್ಯಾಂಗ್ ಅವರಿಗೆ ಕನ್ಫ್ಯೂಷಿಯಸ್ ಎಂದರೆ ಪ್ರಾಣ. ಬೆಳಗಿನ ಚಹಾಕ್ಕೆ ಮೊದಲು ಗುರುಗಳ ನಾಲ್ಕು ಮಾತು ಗಟ್ಟಿಯಾಗಿ ಓದದೆ ಹೊಸ್ತಿಲು ದಾಟಿದವರಲ್ಲ. ಮಗಳು ಪೈಹ್ವಾ ಅದೇ ಪಟ್ಟಣದ ಕಚೇರಿಯ ರಸ್ತೆ ವಿಭಾಗದಲ್ಲಿದ್ದಳು. ಅಪ್ಪ ಚುನಾವಣೆ ಗೆಲ್ಲುವುದಕ್ಕೆ ಎಂಟು ವರ್ಷ ಮೊದಲೇ ಪರೀಕ್ಷೆ ಬರೆದು ಸೇರಿದವಳು. ಕಚೇರಿಯಲ್ಲಿ ‘ಅಧ್ಯಕ್ಷರೇ’, ಮನೆಯಲ್ಲಿ ‘ಅಪ್ಪಾ’. ಇದು ಅಪ್ಪನೇ ಹಾಕಿದ ಕಟ್ಟು. ಊರವರು ಮುಸಿಮುಸಿ ನಗುತ್ತಿದ್ದರೂ ಪೈಹ್ವಾಗೆ ಅದು ಹಿಡಿಸಿತ್ತು.

ಮಾರುಕಟ್ಟೆ ರಸ್ತೆ ಅಗಲ ಮಾಡುವ ನಕ್ಷೆ ಅವಳ ಮೇಜಿಗೆ ಬಂದಾಗ ಪೇಚಾಟ ಶುರುವಾಯಿತು. ಸರ್ವೆಯವರು ನೆಟ್ಟಗೆ ಎಳೆದಿದ್ದ ಗೆರೆ ತೂ ಮನೆತನ ತೀರಿಹೋದ ಹಿರಿಯರನ್ನು ಪೂಜಿಸುವ ಗುಡಿಯ ಮುಂಗೋಡೆಯನ್ನು ನುಂಗುತ್ತಿತ್ತು. ಈಗ ಅಧ್ಯಕ್ಷರು ತಿದ್ದಿಸಿದ ಮೇಲೆ ಅದೇ ಗೆರೆ ಗುಡಿಯ ಹತ್ತಿರ ಬರುತ್ತಲೇ ಸೊಂಟ ಬಳುಕಿಸಿ, ಎದುರಿನ ಲೈ ಅಜ್ಜಿಯ ಅಡುಗೆಮನೆಯ ಮೇಲೆ ಹಾದುಹೋಗಿತ್ತು. ಅಜ್ಜಿ ಮೀನುಂಡೆ ಸಾರು ಮಾರಿ ಬದುಕುವ ಒಂಟಿ ಜೀವ. ಒಲೆ ಹೋದರೆ ಬದುಕೂ ಹೋಯಿತು. ನಕ್ಷೆಯ ಕೆಳಗೆ ಪೈಹ್ವಾ ತನ್ನ ಹೆಸರಿನ ಮೊಹರು ಒತ್ತಬೇಕಿತ್ತು. ಶುಕ್ರವಾರ ಊರ ಸಭೆ.

“ಅಧ್ಯಕ್ಷರೇ, ಈ ಗೆರೆ ಸರಿಯಿಲ್ಲ,” ಎಂದಳು, ಅವರ ಕೋಣೆಯ ಬಾಗಿಲು ಮುಚ್ಚಿ.

“ಹಿರಿಯರ ಗೋಡೆಗೆ ಗುದ್ದಲಿ ಹಾಕಿಸ್ದೋನು ಅನ್ನಿಸ್ಕೊಳ್ಳಲಾ ನಾನು? ಹೋಗಮ್ಮ, ಮೊಹರು ಒತ್ತು.”

ರಾತ್ರಿ ಊಟಕ್ಕೆ ಕೂತಾಗ ಮತ್ತೆ ಎತ್ತಿದಳು. “ಅಪ್ಪಾ, ಲೈ ಅಜ್ಜೀನೂ ಹಿರೀರೇ ಅಲ್ವಾ? ಬದುಕಿದ್ದಾರೆ ಅನ್ನೋದೊಂದೇ ತಪ್ಪಾ?”

“ಮನೇಲಿ ಕಚೇರಿ ಮಾತು ಬೇಡ ಅಂದಿಲ್ವಾ?”

ತಾವೇ ಹಾಕಿದ ಕಟ್ಟಿನ ಹಿಂದೆ ಅಪ್ಪ ಬಚ್ಚಿಟ್ಟುಕೊಂಡದ್ದು ಕಂಡು ಅವಳಿಗೆ ಸಿಟ್ಟಿಗಿಂತ ನಾಚಿಕೆಯಾಯಿತು. ಗುರುವಾರ ಹಿರಿಯರ ಗುಡಿಯಲ್ಲಿ ಊದುಬತ್ತಿ ಹಚ್ಚುವಾಗ ಮೂರನೆಯ ಸಲ ಕೇಳಿದಳು. “ತಾತ ಇದ್ದಿದ್ರೆ ಅಜ್ಜಿ ಒಲೆ ಆರಿಸೋಕೆ ಬಿಡ್ತಿದ್ರಾ?” ಅಪ್ಪ ಊದುಬತ್ತಿ ನೆಟ್ಟು ಹೊರಟುಹೋದರು.

ಇನ್ನು ಮುಂದಿನದು ಅವಳಿಗೆ ಗೊತ್ತಿತ್ತು, ಏಕೆಂದರೆ ಅವಳು ಹತ್ತು ವರ್ಷದವಳಿದ್ದಾಗ ಹಳೆಯ ಕಟ್ಟಳೆಯ ಪುಸ್ತಕದಿಂದ ಅದನ್ನು ಕಲಿಸಿದ್ದು ಅಪ್ಪನೇ. ದೊರೆ ತಪ್ಪಿದರೆ ಅಧಿಕಾರಿ ಮೂರು ಸಲ ಹೇಳಬೇಕು, ಕೇಳದಿದ್ದರೆ ಪದವಿ ಬಿಟ್ಟು ಹೋಗಬೇಕು. ತಂದೆ ತಪ್ಪಿದರೆ ಮಕ್ಕಳು ಮೂರು ಸಲ ಹೇಳಬೇಕು, ಕೇಳದಿದ್ದರೆ ಅಳುತ್ತ ಅವರ ಹಿಂದೆಯೇ ಹೋಗಬೇಕು. ಒಬ್ಬರೇ ದೊರೆಯೂ ತಂದೆಯೂ ಆದರೆ? ಪೈಹ್ವಾ ಎರಡನ್ನೂ ಮಾಡಿದಳು.

ಶುಕ್ರವಾರ ಮೊಹರು ಒತ್ತದ ನಕ್ಷೆಯ ಮೇಲೆ ರಾಜೀನಾಮೆ ಇಟ್ಟಳು. ಅಪ್ಪ ನಕ್ಷೆ ಸುತ್ತಿ ಕಂಕುಳಲ್ಲಿಟ್ಟು ಸಭೆಗೆ ಹೊರಟರು. ಇವಳು ಮೂರು ಹೆಜ್ಜೆ ಹಿಂದೆ ಅಳುತ್ತ ನಡೆದಳು. ಮೊದಲ ಹತ್ತು ಹೆಜ್ಜೆ ಕಟ್ಟಳೆಗೆ ಅತ್ತಿದ್ದಿರಬಹುದು. ಆಮೇಲೆ ನಿಜವಾಗಿಯೇ ದುಃಖ ಒತ್ತರಿಸಿ ಬಂತು. ಇಷ್ಟಪಟ್ಟು ಮಾಡಿದ ಕೆಲಸ, ಇಷ್ಟು ನಂಬಿದ ಅಪ್ಪ. ಮಾರುಕಟ್ಟೆ ತಕ್ಕಡಿ ಕೆಳಗಿಟ್ಟು ನೋಡಿತು.

“ಏನೇ ಇದು, ಬೀದೀಲಿ ಮಾನ ಕಳೀತೀಯಾ? ಮನೆಗೆ ಹೋಗು!”

“ಕಚೇರಿ ಬಿಟ್ಟು ಬಂದೆ ಅಪ್ಪಾ. ನಿಮ್ಮನ್ನ ಬಿಟ್ಟು ಎಲ್ಲಿಗೆ ಹೋಗ್ಲಿ?”

ಸೌಟು ಹಿಡಿದೇ ಲೈ ಅಜ್ಜಿ ಓಡಿಬಂದಳು. “ಬೆಳೆದ ಮಗಳನ್ನ ಹೀಗಾ ಅಳಿಸೋದು ಅಧ್ಯಕ್ಷರೇ? ಒಳ್ಳೇ ಓದಿದೋರು ನೀವು! ಬಾ ತಾಯಿ, ಬಿಸಿ ಸಾರು ಕುಡಿ. ನೀವೂ ಕೂತ್ಕೊಳ್ಳಿ, ಮುಖ ಬಾಡಿದೆ.”

ಆ ಸುರುಳಿಯಲ್ಲೇನಿದೆ ಎಂದು ಅಜ್ಜಿಗೆ ಗೊತ್ತಿರಲಿಲ್ಲ. ಅಪ್ಪ ಕೂತರು. ಒಲೆಯನ್ನೂ ಮಸಿ ಹಿಡಿದ ಗೋಡೆಯನ್ನೂ ನೋಡಿದರು. ಬಟ್ಟಲಿನ ಸಾರು ಆರುವವರೆಗೂ ಒಂದು ಗುಟುಕೂ ಕುಡಿಯಲಿಲ್ಲ.

ಸಭೆಯಲ್ಲಿ ಅವರು ಆ ಸುರುಳಿ ಬಿಚ್ಚಲಿಲ್ಲ; ಓದಿ ಹೇಳಿದ್ದು ಸರ್ವೆಯವರ ಮೊದಲಿನ ನೆಟ್ಟಗಿನ ಗೆರೆಯನ್ನು.

ಸಂಜೆ ಮನೆಯಲ್ಲಿ ಅಪ್ಪ ರಾಜೀನಾಮೆಯನ್ನು ಹರಿದು ಹಾಕುತ್ತಾರೆಂದು ಅವಳು ಕಾದಳು.

“ನಿನ್ನ ಕಾಗದ ಒಪ್ಕೊಂಡಿದ್ದೀನಿ,” ಎಂದರು ಅಪ್ಪ. “ನಾನು ಅಧ್ಯಕ್ಷನಾಗಿರೋವಷ್ಟು ದಿನ ನೀನಲ್ಲಿರೋದು ಸರಿಯಲ್ಲ. ತಪ್ಪು ಮಾಡಿದ್ದು ನಾನು, ದಂಡ ನಿಂಗೆ ಬಿತ್ತು.”

ಅಪ್ಪ ಹೇಳಿದ್ದೇ ನ್ಯಾಯ ಎಂದು ಗೊತ್ತಿದ್ದರಿಂದ ಅವಳಿಗೆ ನೋವು ಇನ್ನೂ ಹೆಚ್ಚಾಯಿತು.

ಆಮೇಲೆ ಅವರು ಮಗಳ ಮುಖ ನೋಡದೆ ಕೇಳಿದರು. “ಬೆಳಿಗ್ಗೆ ಗುಡೀಲಿ ಗೋಡೆ ವಿಷ್ಯ ಹಿರಿಯರಿಗೆ ಹೇಳ್ಬೇಕು. ನಂಗೊಬ್ಬನಿಗೇ ಧೈರ್ಯ ಸಾಲಲ್ಲ. ಜೊತೆಗೆ ಬರ್ತೀಯಾ?”